ಪಟ್ಟಿಯಲ್ಲಿ ಕಾಣೆಯಾದ ನೋಯ್ಡಾ



ಈ ಸಲದ ಮಾತುಕತೆಯನ್ನು ಕ್ಷಮೆ ಕೇಳುವುದರಿಂದಲೇ ಆರಂಭಿಸಬೇಕಾಗಿದೆ. ನಮ್ಮ ರಾಜ್ಯೋತ್ಸವದ ಆಮಂತ್ರಣ ನೋಯ್ಡಾದ ಸದಸ್ಯರಲ್ಲಿ ಅನೇಕರಿಗೆ ಹೋಗಲೇ ಇಲ್ಲ. ಹೋಗದೆ ಉಳಿದದ್ದು ಮೊನ್ನೆ ಮೊನ್ನೆ ಸೇರಿದವರಿಗೂ ಅಲ್ಲ. ಇಪ್ಪತ್ತು, ಇಪ್ಪತ್ತೈದು ವರ್ಷಗಳಿಂದ ಕುರ್ಚಿ ಜೋಡಿಸಿದವರು, ಬಿಸಿಬೇಳೆಬಾತಿನ ಹಂಡೆ ಹೊತ್ತವರು, ರಸೀದಿ ಪುಸ್ತಕ ಹಿಡಿದು ಸೆಕ್ಟರ್ ಸೆಕ್ಟರ್ ಸುತ್ತಿದವರು, ಅಂಥವರಿಗೇ ಕರೆ ಹೋಗಲಿಲ್ಲ. ನಾವೆಲ್ಲ 'ಮೇಷ್ಟ್ರು' ಎಂದೇ ಕರೆಯುವ ಹಿರಿಯರೊಬ್ಬರು ಫೋನ್ ಮಾಡಿ, "ಏನಪ್ಪಾ, ನಮ್ಮನ್ನು ಸಂಘದಿಂದ ತೆಗೆದುಹಾಕಿದಿರೋ ಹೇಗೆ?" ಎಂದು ಕೇಳಿದಾಗ ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ತಪ್ಪು ಸಂಘದ್ದು. ಆದರೆ ಅದು ನಡೆದ ಬಗೆಯನ್ನು ನಿಮಗೆ ಹೇಳಲೇಬೇಕು. ಕೆಲವು ತಿಂಗಳಿಂದ ನಿಮ್ಮಲ್ಲಿ ಹಲವರು, ನಿಮಗಿಂತ ಹೆಚ್ಚಾಗಿ ನಿಮ್ಮ ಅಪ್ಪ ಅಮ್ಮಂದಿರು, ಸಿಕ್ಕಲ್ಲೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದೀರಿ: ಕೋಡ್ ಬರೆಯುವ ಕೆಲಸವನ್ನು ಎ.ಐ.ಯೇ ಮಾಡುವುದಾದರೆ ಕಂಪ್ಯೂಟರ್ ಸೈನ್ಸ್ ಓದಿ ಏನು ಪ್ರಯೋಜನ? ಆ ಪ್ರಶ್ನೆಗೆ ನಾನು ಹುಡುಕುತ್ತಿದ್ದ ಉತ್ತರದ ಒಂದು ತುಣುಕು ಈ ಆಮಂತ್ರಣದ ಅವಾಂತರದಲ್ಲಿ ಸಿಕ್ಕಿತು.

ನಡೆದದ್ದಿಷ್ಟು. ಸಮಿತಿಯ ಸದಸ್ಯರೊಬ್ಬರ ಮಗಳು ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಬಿ.ಟೆಕ್. ಕೊನೆಯ ವರ್ಷದಲ್ಲಿದ್ದಾಳೆ. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಕನ್ನಡ ಮಾತಾಡುವುದು ಸರಾಗ. ಓದುವುದು ಮಾತ್ರ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು. ಪ್ರತಿ ವರ್ಷ ನಾವು ಸದಸ್ಯರ ಪಟ್ಟಿಯನ್ನು ಕಾಗದದ ಮೇಲೆ ಹರಡಿಕೊಂಡು ದೆಹಲಿಯವರಿಗೆ ಒಂದು ಗುರುತು, ನೋಯ್ಡಾದವರಿಗೆ ಒಂದು ಗುರುತು, ಗಾಜಿಯಾಬಾದಿನವರಿಗೆ ಮತ್ತೊಂದು ಗುರುತು ಹಾಕುತ್ತ ಕೂರುವುದನ್ನು ನೋಡಿ ಅವಳಿಗೆ ನಗು. "ಅಂಕಲ್, ಇದಕ್ಕೆ ಒಂದು ಪ್ರೋಗ್ರಾಂ ಮಾಡಿಬಿಡೋಣ. ಸಂಜೆ ಬನ್ನಿ ಮನೆಗೆ" ಎಂದಳು.

ಹೋದೆ. ಅವಳು ಲ್ಯಾಪ್‌ಟಾಪ್ ತೆರೆದು, ನಾವು ಅಂಗಡಿಯವನಿಗೆ ಸಾಮಾನಿನ ಚೀಟಿ ಬರೆಯುತ್ತೇವಲ್ಲ, ಅಷ್ಟೇ ಸಲೀಸಾಗಿ ನಾಲ್ಕು ಸಾಲು ಬರೆದಳು. ಇಂಥ ಊರಿನ ಸದಸ್ಯರನ್ನು ಆರಿಸಬೇಕು, ವಿಳಾಸದ ಚೀಟಿ ಮುದ್ರಿಸಬೇಕು, ವಾಟ್ಸ್ಆ್ಯಪ್ ಸಂದೇಶ ಸಿದ್ಧಪಡಿಸಬೇಕು. ಅಷ್ಟೇ. ಆಮೇಲೆ ಅವಳು ಕೈಕಟ್ಟಿ ಕೂತಳು. ಪರದೆಯ ಮೇಲೆ ಸಾಲಿನ ಮೇಲೆ ಸಾಲು ಮೂಡತೊಡಗಿತು. ಆ ಸಾಧನ ತಾನೇ ಯೋಜನೆ ಹಾಕಿತು, ತಾನೇ ಕೋಡ್ ಬರೆಯಿತು, ಓಡಿಸಿ ನೋಡಿತು, ತಪ್ಪು ಬಂದಾಗ ತಪ್ಪಿನ ಸಂದೇಶವನ್ನು ತಾನೇ ಓದಿ ತಿದ್ದಿಕೊಂಡಿತು. ಕೊನೆಗೆ ಪರೀಕ್ಷೆಗಳನ್ನೂ ತಾನೇ ಬರೆದು, ಎಲ್ಲ ತೇರ್ಗಡೆಯಾಯಿತೆಂದು ಹಸಿರು ಗುರುತು ತೋರಿಸಿತು. ಅವಳಮ್ಮ ಕೊಟ್ಟ ಕಾಫಿ ಇನ್ನೂ ಬಿಸಿಯಾಗಿತ್ತು! 1990ರ ದಶಕದಲ್ಲಿ ಇಂಥದ್ದೇ ವಿಳಾಸದ ಪ್ರೋಗ್ರಾಂ ಒಂದನ್ನು ನಾನು ಫಾಕ್ಸ್‌ಪ್ರೋದಲ್ಲಿ ಬರೆಯಲು ಎರಡು ವಾರ ಒದ್ದಾಡಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ನೋಡಿದರೆ ಕುಂಬಾರನಿಗೇ ನಿಮಿಷ.

ಈ ಬದಲಾವಣೆ ಎಷ್ಟು ಬೇಗ ಆಯಿತೆಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಿ. ಗಿಟ್‌ಹಬ್ ಸಂಸ್ಥೆ 'ಕೋಪೈಲಟ್' ಎಂಬ ಸಾಧನವನ್ನು ಪ್ರಯೋಗಕ್ಕೆಂದು ಕೆಲವರಿಗೆ ಕೊಟ್ಟದ್ದು 2021ರ ಜೂನ್‌ನಲ್ಲಿ. ಒಂದು ವರ್ಷದ ನಂತರ ಎಲ್ಲರಿಗೂ ಸಿಕ್ಕಿತು. ಆಗ ಅದು ಮಾಡುತ್ತಿದ್ದದ್ದು ನೀವು ಅರ್ಧ ಬರೆದ ಸಾಲನ್ನು ಪೂರ್ತಿ ಮಾಡಿಕೊಡುವುದು, ಅಷ್ಟೇ. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದಿತು. 2025ರ ಹೊತ್ತಿಗೆ ಸಾಲು ಪೂರ್ತಿ ಮಾಡುವ ಕಾಲ ಕಳೆದು, ಇಡೀ ಕೆಲಸವನ್ನೇ ವಹಿಸಿಬಿಡುವ ಸಾಧನಗಳು ಮನೆ ಮನೆಗೆ ಬಂದವು. ಆ ವರ್ಷದ ಫೆಬ್ರವರಿಯಲ್ಲಿ ಆಂಡ್ರೇ ಕರ್ಪಾತಿ ಎಂಬ ಪ್ರಸಿದ್ಧ ತಂತ್ರಜ್ಞ, ಕೋಡ್ ಕಡೆಗೆ ಕಣ್ಣೆತ್ತಿಯೂ ನೋಡದೆ ಬಾಯಿಮಾತಿನಲ್ಲೇ ಪ್ರೋಗ್ರಾಂ ಮಾಡಿಸುವ ಈ ಪದ್ಧತಿಗೆ 'ವೈಬ್ ಕೋಡಿಂಗ್' ಎಂದು ಹೆಸರಿಟ್ಟ. ವರ್ಷ ಮುಗಿಯುವುದರೊಳಗೆ ಕಾಲಿನ್ಸ್ ನಿಘಂಟಿನವರು ಅದನ್ನೇ 2025ರ ವರ್ಷದ ಪದವೆಂದು ಆರಿಸಿದರು. ಗೂಗಲ್‌ನಲ್ಲಿ ಹೊಸದಾಗಿ ಬರೆಯುವ ಕೋಡಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಎ.ಐ. ಬರೆಯುತ್ತದೆಂದು ಸುಂದರ್ ಪಿಚೈ 2024ರ ಅಕ್ಟೋಬರ್‌ನಲ್ಲೇ ಹೇಳಿದ್ದರು. ಅದೇ ಉಸಿರಿನಲ್ಲಿ, ಅದನ್ನು ಎಂಜಿನಿಯರುಗಳು ಪರಿಶೀಲಿಸಿ ಒಪ್ಪಿಕೊಳ್ಳುತ್ತಾರೆ ಎಂದೂ ಹೇಳಿದ್ದರು. ವರದಿಗಳನ್ನು ಓದುವವರು ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡರು.

ಮತ್ತೆ ನಮ್ಮ ಆಮಂತ್ರಣಕ್ಕೆ ಬರೋಣ.

ಚೀಟಿಗಳು ಮುದ್ರಣವಾದವು. ಸಂದೇಶಗಳೂ ಹೋದವು. ಸಮಿತಿಯಲ್ಲಿ ಎಲ್ಲರೂ ಹುಡುಗಿಯ ಬೆನ್ನು ತಟ್ಟಿದರು, ನಾನೂ ತಟ್ಟಿದೆ. ನಾಲ್ಕು ದಿನಗಳ ನಂತರ ಮೇಷ್ಟ್ರ ಫೋನು. ಪಟ್ಟಿ ತೆಗೆದು ನೋಡಿದರೆ ಅವರ ಹೆಸರಿದೆ, ಮನೆಯ ನಂಬರಿದೆ, ಊರಿನ ಅಂಕಣದಲ್ಲಿ 'ನೋಯ್ಡಾ' ಎಂದು ಸ್ಪಷ್ಟವಾಗಿ ಇದೆ. ಆದರೆ ಪ್ರೋಗ್ರಾಂ ಆರಿಸಿದವರಲ್ಲಿ ಮಾತ್ರ ಅವರಿಲ್ಲ! ಹುಡುಗಿಯ ಮುಖ ಸಪ್ಪಗಾಯಿತು. "ಟೆಸ್ಟ್ ಎಲ್ಲಾ ಪಾಸ್ ಆಗಿತ್ತಲ್ಲ ಅಂಕಲ್" ಎಂದಳು.

ಆ ಸಾಧನವನ್ನೇ ಕೇಳಿದಳು. ಅದು ಧೈರ್ಯವಾಗಿ ಕಾರಣಗಳನ್ನು ಪಟ್ಟಿ ಮಾಡಿತು. ಪದದ ಹಿಂದೆ ಮುಂದೆ ಖಾಲಿ ಜಾಗ ಸೇರಿರಬಹುದು, ಕಾಗುಣಿತ ವ್ಯತ್ಯಾಸವಿರಬಹುದು, ಹೀಗೆ. ಖಾಲಿ ಜಾಗ ತೆಗೆದೂ ಆಯಿತು, ಫಲವಿಲ್ಲ. ಕಾಗುಣಿತ ನೋಡಿದರೆ ಎರಡೂ ಕಡೆ 'ನೋಯ್ಡಾ'ವೇ. ಕನ್ನಡಕ ಒರೆಸಿ ನೋಡಿದರೂ ಅಷ್ಟೇ.

ಬೀಗ ತೆರೆದದ್ದು ಮೇಷ್ಟ್ರ ಒಂದು ಮಾತು. ಸಮಾಧಾನ ಹೇಳಲೆಂದು ಅವರ ಮನೆಗೇ ಹೋಗಿದ್ದೆವು. ಅವರು ಬೆರಳು ಮಡಿಸುತ್ತ ಆಮಂತ್ರಣ ಬಾರದ ಮನೆಗಳನ್ನು ಎಣಿಸಿದರು. ಆಮೇಲೆ ಹೇಳಿದರು: "ನೋಡಪ್ಪಾ, ನಮ್ಮ ಕಾಲದವರು ಯಾರಿಗೂ ಬಂದಿಲ್ಲ. ಹೊಸಬರಿಗೆಲ್ಲ ಬಂದಿದೆ."

ಹಳಬರು, ಹೊಸಬರು! ಆಗ ನನಗೆ ಹೊಳೆಯಿತು. ನಮ್ಮ ಹಳೆಯ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದ್ದು ಇಪ್ಪತ್ತು ವರ್ಷಕ್ಕೂ ಹಿಂದೆ, 'ಬರಹ' ತಂತ್ರಾಂಶದಲ್ಲಿ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಆ ತಂತ್ರಾಂಶ ಇಲ್ಲದಿದ್ದರೆ ಹೊರನಾಡಿನ ಎಷ್ಟೋ ಸಂಘಗಳ ಪತ್ರಿಕೆಗಳು ಕೈಬರಹದಲ್ಲೇ ಉಳಿಯುತ್ತಿದ್ದವು. ಆ ಕಾಲದ ಫಾಂಟುಗಳಲ್ಲಿ ಕಂಪ್ಯೂಟರಿಗೆ ಕನ್ನಡ ಅಕ್ಷರ ಗೊತ್ತಿರಲಿಲ್ಲ. ಅಕ್ಷರದ ಚೂರುಗಳು ಗೊತ್ತಿದ್ದವು. 'ನೋ' ಎಂದು ಮೂಡಿಸಬೇಕಾದರೆ ಮೊದಲು 'ನೆ', ಅದರ ಪಕ್ಕಕ್ಕೆ ಕೊಂಬು, ಅದರ ಪಕ್ಕಕ್ಕೆ ದೀರ್ಘ. ಗೋಡೆಗೆ ಇಟ್ಟಿಗೆ ಜೋಡಿಸಿದ ಹಾಗೆ. ಮುಂದೆ ಯೂನಿಕೋಡ್ ಬಂದಿತು. ಅದರಲ್ಲಿ 'ಓ' ಸ್ವರಚಿಹ್ನೆಗೆ ಒಂದೇ ಸಂಕೇತವಿದೆ. ಜೊತೆಗೆ ಮೂರು ಚೂರುಗಳನ್ನು ಬಿಡಿಬಿಡಿಯಾಗಿ ಬರೆದರೂ ಅದೇ ರೂಪ ಮೂಡುತ್ತದೆ. ನಮ್ಮ ಹಳೆಯ ಪಟ್ಟಿಯನ್ನು ಯೂನಿಕೋಡಿಗೆ ಬದಲಾಯಿಸಿದ ಪ್ರೋಗ್ರಾಂ ಹಳೆಯ ಚೂರುಗಳನ್ನು ಹಾಗೆಯೇ ಸಾಲಾಗಿ ಇಟ್ಟುಬಿಟ್ಟಿತ್ತು. ಈಚಿನವರ ಹೆಸರುಗಳನ್ನು ಮೊಬೈಲಿನಲ್ಲಿ ಟೈಪ್ ಮಾಡಿದ್ದರಿಂದ ಅಲ್ಲಿ ಒಂದೇ ಸಂಕೇತ.

"ಎರಡೂ ನೋಯ್ಡಾಗಳ ಉದ್ದ ಎಷ್ಟೆಂದು ಕೇಳಮ್ಮ" ಎಂದೆ. ಕೇಳಿದಳು. ಹೊಸ ನೋಯ್ಡಾದ ಉದ್ದ 6, ಹಳೆಯ ನೋಯ್ಡಾದ ಉದ್ದ 8. ನಮ್ಮ ಕಣ್ಣಿಗೆ ಎರಡೇ ಅಕ್ಷರ, 'ನೋ' ಮತ್ತು 'ಯ್ಡಾ'. ಕಂಪ್ಯೂಟರಿಗೆ ಅವು ಎರಡು ಬೇರೆ ಬೇರೆ ಊರುಗಳು.

ಸಂಗತಿ ಗೊತ್ತಾದ ಮೇಲೆ ತಿದ್ದುವುದಕ್ಕೆ ಒಂದು ನಿಮಿಷವೂ ಬೇಡವಾಯಿತು. ಪಟ್ಟಿಯ ಹಿಂದಿನ ಕಥೆಯನ್ನು ಅವಳು ಆ ಸಾಧನಕ್ಕೆ ಎರಡು ಸಾಲಿನಲ್ಲಿ ತಿಳಿಸಿದಳು. ಓಹೋ, ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು, ಅದಕ್ಕೆ ಯೂನಿಕೋಡ್ ನಾರ್ಮಲೈಸೇಷನ್ ಎನ್ನುತ್ತಾರೆ ಎಂದು ಅದೇ ಪಾಠ ಹೇಳಿ, ಒಂದು ಸಾಲು ಸೇರಿಸಿತು. ಹಳಬರೆಲ್ಲ ಪಟ್ಟಿಗೆ ಮರಳಿದರು. ಸಾಧನಕ್ಕೆ ವಿಷಯ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಪಟ್ಟಿಯ ಜಾತಕ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಕೋಡೆಂದರೇನೆಂದು ತಿಳಿಯದ ಎಂಬತ್ತರ ಮೇಷ್ಟ್ರಿಗೆ ಅರ್ಧ, ನನಗೆ ಅರ್ಧ.

ಹಾಗಾದರೆ ಆ ಹಸಿರು ಗುರುತಿನ ಪರೀಕ್ಷೆಗಳು? ಇಲ್ಲಿ ಹುಡುಗಿಯ ಪರವಾಗಿ ಒಂದು ಮಾತು ಹೇಳಬೇಕು. ನಮ್ಮೆಲ್ಲರ ವಿಳಾಸ, ಫೋನ್ ನಂಬರುಗಳನ್ನು ಎಲ್ಲೋ ಇರುವ ಕಂಪ್ಯೂಟರಿಗೆ ಕಳಿಸಬಾರದೆಂದು ಅವಳು ನಿಜವಾದ ಪಟ್ಟಿಯನ್ನು ಸಾಧನಕ್ಕೆ ತೋರಿಸಿರಲೇ ಇಲ್ಲ. ಸಮಿತಿಯಲ್ಲಿ ನಮಗೆ ಯಾರಿಗೂ ಹೊಳೆಯದ ಜಾಗ್ರತೆ ಅದು. ಆದ್ದರಿಂದ ಸಾಧನ ತಾನೇ ಹತ್ತು ಕಾಲ್ಪನಿಕ ಸದಸ್ಯರನ್ನು ಹುಟ್ಟಿಸಿಕೊಂಡಿತ್ತು. ಅವರೆಲ್ಲ ಅಚ್ಚುಕಟ್ಟಾದವರು, ಎಲ್ಲರ ನೋಯ್ಡಾಕ್ಕೂ ಉದ್ದ 6. ಪ್ರಶ್ನೆ ಪತ್ರಿಕೆಯನ್ನೂ ತಾನೇ ಬರೆದು, ಉತ್ತರವನ್ನೂ ತಾನೇ ಬರೆದು, ಮೌಲ್ಯಮಾಪನವನ್ನೂ ತಾನೇ ಮಾಡಿದರೆ ಯಾರು ತಾನೇ ಫೇಲಾಗುತ್ತಾರೆ? ನಿಜವಾದ ಪಟ್ಟಿಯನ್ನು ಆಮೇಲೆ ಅವಳ ಸ್ವಂತ ಯಂತ್ರದಲ್ಲಿ ಓಡಿಸಿದಾಗ, ಬಂದ ಹೆಸರುಗಳನ್ನು ಹಳೆಯ ವರ್ಷದ ಪಟ್ಟಿಯೊಡನೆ ಒಮ್ಮೆ ತಾಳೆ ನೋಡುವ ಕೆಲಸ ಉಳಿದಿತ್ತು. ಅದನ್ನು ಅವಳೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಕಾಫಿ ಕುಡಿದು ಮನೆಗೆ ಬಂದೆ.

ಇದನ್ನು ಓದಿ "ನೋಡಿದಿರಾ, ಯಂತ್ರ ಕೈಕೊಟ್ಟಿತು, ಮನುಷ್ಯನೇ ಗೆದ್ದ" ಎಂದು ನಿಮ್ಮಲ್ಲಿ ಯಾರಾದರೂ ಚಪ್ಪಾಳೆ ತಟ್ಟಿದರೆ ನಾನು ಒಪ್ಪುವುದಿಲ್ಲ. ಇಂಥ ಚಪ್ಪಾಳೆ ಹಿಂದೆಯೂ ಕೇಳಿದ್ದೇವೆ. 1952ರಲ್ಲಿ ಗ್ರೇಸ್ ಹಾಪರ್ ಎಂಬ ಅಮೆರಿಕದ ಮಹಿಳೆ, ಪ್ರೋಗ್ರಾಮನ್ನು ಯಂತ್ರಭಾಷೆಗೆ ಕಂಪ್ಯೂಟರೇ ಜೋಡಿಸಿಕೊಡುವ ವ್ಯವಸ್ಥೆಯನ್ನು ಮಾಡಿ ತೋರಿಸಿದಾಗ ಸುತ್ತಲಿನವರು ನಂಬಲಿಲ್ಲ. 1957ರಲ್ಲಿ ಐ.ಬಿ.ಎಂ. ಕಂಪನಿಯ ಜಾನ್ ಬ್ಯಾಕಸ್ ತಂಡ ಫೋರ್‌ಟ್ರಾನ್ ಕೊಟ್ಟಾಗಲೂ, ಕೈಯಿಂದ ಬರೆದ ಯಂತ್ರಭಾಷೆಯ ವೇಗ ಇದಕ್ಕೆಲ್ಲಿ ಬಂದೀತು ಎಂದು ನಿಪುಣರು ಮೂಗು ಮುರಿದರು. ಆ ಕಾಲದಲ್ಲಿ ಇದಕ್ಕೆ ಇಟ್ಟಿದ್ದ ಹೆಸರು 'ಆಟೋಮ್ಯಾಟಿಕ್ ಪ್ರೋಗ್ರಾಮಿಂಗ್', ಅಂದರೆ ತಾನೇ ತಾನಾಗಿ ಆಗುವ ಪ್ರೋಗ್ರಾಮಿಂಗ್! ಮೂಗು ಮುರಿದವರು ಸೋತರು. ಪ್ರೋಗ್ರಾಂ ಬರೆಯುವವರ ಸಂಖ್ಯೆ ಮಾತ್ರ ಬೆಳೆಯುತ್ತಲೇ ಹೋಯಿತು. ನಮ್ಮ ದೆಹಲಿಯದೇ ಉದಾಹರಣೆ ಬೇಕಾದರೆ ರೈಲ್ವೆಯನ್ನು ನೋಡಿ. 1985-86ರಲ್ಲಿ ಹೊಸದಿಲ್ಲಿಯಲ್ಲಿ ಟಿಕೆಟ್ ಕಾದಿರಿಸಲು ಕಂಪ್ಯೂಟರ್ ಬರುವ ಮುಂಚೆ ಪ್ರತಿ ರೈಲಿಗೂ ದಪ್ಪ ದಪ್ಪ ರಿಜಿಸ್ಟರುಗಳು. ಬೇಸಿಗೆ ರಜೆಗೆ ಊರಿಗೆ ಹೋಗಲು ಬೆಂಗಳೂರಿನ ಟಿಕೆಟ್ ಎಂದರೆ ಬೆಳಗಿನ ಜಾವ ಎದ್ದು ಸಾಲಿನಲ್ಲಿ ನಿಲ್ಲುವುದು. ಆ ರಿಜಿಸ್ಟರಿಗಾಗಿ ಇವತ್ತು ಕಣ್ಣೀರು ಹಾಕುವವರು ಯಾರೂ ಇಲ್ಲ.

ಆದರೆ ಫೋರ್‌ಟ್ರಾನಿಗೂ ಈಗಿನ ಸಾಧನಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ನೀವು ಮರೆಯಬಾರದು. ಕಂಪೈಲರಿಗೆ ಒಂದೇ ಪ್ರೋಗ್ರಾಮನ್ನು ನೂರು ಸಲ ಕೊಟ್ಟರೂ ನೂರು ಸಲವೂ ಅದೇ ಅರ್ಥ. ಅದು ನಿಮ್ಮ ಮಾತನ್ನು ಊಹಿಸುವುದಿಲ್ಲ. ಅರ್ಥವಾಗದಿದ್ದರೆ ತಪ್ಪು ಎಂದು ನಿಲ್ಲುತ್ತದೆ. ಈ ಹೊಸ ಸಾಧನ ಲೋಕದ ಕೋಡನ್ನೆಲ್ಲ ಓದಿ, ಇದಾದ ಮೇಲೆ ಸಾಮಾನ್ಯವಾಗಿ ಏನು ಬರುತ್ತದೆ ಎಂಬ ಹದ ಕಲಿತದ್ದು. ನೀವು ಹೇಳದೆ ಬಿಟ್ಟ ಜಾಗಗಳನ್ನು ಅದು ತನ್ನ ಊಹೆಯಿಂದ ತುಂಬುತ್ತದೆ. ಬಹಳ ಸಲ ಊಹೆ ಸರಿಯಾಗಿಯೇ ಇರುತ್ತದೆ. ತಪ್ಪಿದಾಗಲೂ ದನಿ ಅದೇ ಇರುತ್ತದೆ. 16 ಬಗೆಯ ಎ.ಐ. ಮಾದರಿಗಳಿಂದ 5,76,000 ಕೋಡ್ ತುಣುಕುಗಳನ್ನು ಬರೆಸಿ ನೋಡಿದ ಸಂಶೋಧಕರು, ಅವು ಬಳಸಲು ಸೂಚಿಸಿದ ಸಿದ್ಧ ಪ್ಯಾಕೇಜುಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪ್ರಪಂಚದಲ್ಲೇ ಇಲ್ಲವೆಂದು ಕಂಡುಕೊಂಡರು. ಇಲ್ಲದ ಆ ಹೆಸರಿನಲ್ಲಿ ದುಷ್ಟರು ಯಾರಾದರೂ ಒಂದು ಪ್ಯಾಕೇಜು ಮಾಡಿಟ್ಟರೆ ಗತಿ ಏನು, ಯೋಚಿಸಿ.

ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಹೆಚ್ಚು ಕುತೂಹಲದ್ದೆನಿಸಿತು. ಮೆಟರ್ ಎಂಬ ಸಂಸ್ಥೆಯವರು 2025ರ ಮೊದಲ ತಿಂಗಳುಗಳಲ್ಲಿ 16 ಮಂದಿ ಪಳಗಿದ ಪ್ರೋಗ್ರಾಮರುಗಳಿಗೆ, ಅವರು ವರ್ಷಗಟ್ಟಲೆ ದುಡಿದ ತಂತ್ರಾಂಶಗಳಲ್ಲೇ 246 ಕೆಲಸಗಳನ್ನು ಕೊಟ್ಟರು. ಕೆಲವನ್ನು ಎ.ಐ. ಸಹಾಯದಿಂದ, ಕೆಲವನ್ನು ಸ್ವಂತ ಕೈಯಿಂದ ಮಾಡಬೇಕು. ಸಹಾಯ ಪಡೆದಾಗ ಅವರಿಗೆ 19 ಶೇಕಡಾ ಹೆಚ್ಚು ಸಮಯ ಹಿಡಿಯಿತು! ತಮಾಷೆಯೆಂದರೆ, ಮುಗಿಸಿದ ಮೇಲೂ ಆ ನಿಪುಣರು ತಮಗೆ 20 ಶೇಕಡಾ ಸಮಯ ಉಳಿಯಿತೆಂದೇ ನಂಬಿದ್ದರು. ಸಾಧನಗಳು ಅಂದಿನಿಂದ ಇನ್ನೂ ಚುರುಕಾಗಿವೆ, ಆದ್ದರಿಂದ ಆ 19ನ್ನು ಕಲ್ಲಿನ ಮೇಲೆ ಕೆತ್ತುವುದು ಬೇಡ. ಅವಸರವಾಗಿ ಬೆರಳಾಡುವುದನ್ನೇ ಕೆಲಸ ಸಾಗುವುದೆಂದು ಮನಸ್ಸು ನಂಬಿಬಿಡುತ್ತದೆಂಬುದು ಮಾತ್ರ ನನಗೆ ನನ್ನ ಕಾಫಿಯ ಸಂಜೆಯಿಂದಲೇ ಮನವರಿಕೆಯಾಗಿದೆ.

ಈಗ ಕೆಲಸದ ಪ್ರಶ್ನೆ. ನಾವು ಕೂತಿರುವ ಊರೇ ಇದಕ್ಕೆ ಸಾಕ್ಷಿ. 1976ರ ಏಪ್ರಿಲ್ 17ರಂದು ಕಾಗದದ ಮೇಲೆ ಹುಟ್ಟಿದ ಊರು ನೋಯ್ಡಾ. ಹೆಸರೇ ನ್ಯೂ ಓಖ್ಲಾ ಇಂಡಸ್ಟ್ರಿಯಲ್ ಡೆವಲಪ್‌ಮೆಂಟ್ ಅಥಾರಿಟಿಯ ಮೊದಲಕ್ಷರಗಳನ್ನು ಪೋಣಿಸಿದ್ದು. ಈಗ ಇಲ್ಲೇ ಪ್ರಧಾನ ಕಚೇರಿ ಇಟ್ಟುಕೊಂಡಿರುವ ಎಚ್.ಸಿ.ಎಲ್. ಕೂಡ ಅದೇ 1976ರ ಕೂಸು. ನಿಮ್ಮ ಅಪ್ಪ ಅಮ್ಮಂದಿರಲ್ಲಿ ಎಷ್ಟು ಮಂದಿ ಶಿವಮೊಗ್ಗ, ಹಾಸನ, ಧಾರವಾಡ ಬಿಟ್ಟು ಇಲ್ಲಿಗೆ ಬಂದದ್ದು ಈ ಕೋಡ್ ಬರೆಯುವ ಕೆಲಸದ ಬಾಲ ಹಿಡಿದೇ ಅಲ್ಲವೇ? ಆದ್ದರಿಂದ ಅವರ ಆತಂಕವನ್ನು ನಾನು ಹಗುರವಾಗಿ ನೋಡಲಾರೆ. 2025ರ ಜುಲೈಯಲ್ಲಿ ಟಿ.ಸಿ.ಎಸ್. ಸುಮಾರು 12,000 ಮಂದಿಯನ್ನು, ಅಂದರೆ ತನ್ನ ಸಿಬ್ಬಂದಿಯ ಶೇಕಡಾ ಎರಡರಷ್ಟನ್ನು ಬಿಡುತ್ತೇನೆಂದಾಗ ಎಷ್ಟು ಮನೆಗಳಲ್ಲಿ ಅನ್ನ ಗಂಟಲಲ್ಲಿ ಇಳಿಯಲಿಲ್ಲ! ಇದು ಎ.ಐ. ಉಳಿಸಿದ ಶ್ರಮದಿಂದಲ್ಲ, ಕೌಶಲ ಹೊಂದದ ಕಾರಣಕ್ಕೆ ಎಂದು ಅದರ ಮುಖ್ಯಸ್ಥರು ಹೇಳಿದರು. ಹೆಚ್ಚಾಗಿ ಹೋದವರು ಮಧ್ಯದ ಮತ್ತು ಮೇಲಿನ ದರ್ಜೆಯವರು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಸಂಬಳದ ಲೆಕ್ಕಗಳನ್ನು ಶೋಧಿಸಿ ಬೇರೊಂದು ಚಿತ್ರ ಕೊಟ್ಟರು. ಅಲ್ಲಿ 22ರಿಂದ 25 ವಯಸ್ಸಿನ ತಂತ್ರಾಂಶ ತಯಾರಕರ ಉದ್ಯೋಗ, 2022ರ ಕೊನೆಯ ಎತ್ತರದಿಂದ 2025ರ ಜುಲೈಗೆ ಹೆಚ್ಚುಕಡಿಮೆ 20 ಶೇಕಡಾ ಇಳಿದಿತ್ತು. ಅದೇ ಕೆಲಸದಲ್ಲಿದ್ದ ಹೆಚ್ಚು ವಯಸ್ಸಿನವರಿಗೆ ಅಂಥ ಪೆಟ್ಟು ಬಿದ್ದಿರಲಿಲ್ಲ. ಅಂದರೆ ಏಣಿಯ ಮೇಲಿರುವವರು ಸದ್ಯಕ್ಕೆ ಕ್ಷೇಮ. ಅಲುಗಾಡುತ್ತಿರುವುದು ಮೊದಲ ಮೆಟ್ಟಿಲು. ನಿಮ್ಮದೇ ಮೆಟ್ಟಿಲು.

ನನಗೆ ನಿಜವಾಗಿ ಚಿಂತೆ ಹತ್ತಿಸಿರುವುದು ಇದೇ. ಸಂಬಳದ ವಿಷಯವಂತೂ ಇದ್ದೇ ಇದೆ, ಅದರ ಜೊತೆಗೆ ಕಲಿಕೆಯ ವಿಷಯ. 1998ರಲ್ಲಿ ನೋಯ್ಡಾದ ಒಂದು ಕಚೇರಿಯಲ್ಲಿ ನನಗೆ ಕೊಟ್ಟ ಮೊದಲ ದೊಡ್ಡ ಕೆಲಸ ವೈ-ಟು-ಕೆಯದು. ನಿಮಗೆ ಅದು ಪುರಾಣವಿರಬಹುದು. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆಯುತ್ತಿದ್ದರು. 2000 ಬಂದಾಗ ಅದು 1900 ಎನಿಸಿಬಿಡುತ್ತಿತ್ತು. ವಿದೇಶದ ವಿಮಾ ಕಂಪನಿಯೊಂದರ ಸಾವಿರಾರು ಸಾಲುಗಳ ಕೋಬಾಲ್ ಕೋಡನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಎಲ್ಲೆಲ್ಲಿ ಇಸವಿ ಅಡಗಿದೆಯೆಂದು ಹುಡುಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವುದು ಅದಕ್ಕಿಂತ ರುಚಿಕರವಾದ ಕೆಲಸ. ಇಸವಿ ಎಂಬ ಹೆಸರಿದ್ದ ಕಡೆಯೆಲ್ಲ ಗುರುತು ಮಾಡಿ, ಮುಗಿಯಿತೆಂದು ನಮ್ಮ ಹಿರಿಯ ಸಹೋದ್ಯೋಗಿಗೆ ಒಪ್ಪಿಸಿದೆ. ಅವರು ಕೆಂಪು ಪೆನ್ನು ತೆಗೆದು ಒಂದೇ ಪ್ರಶ್ನೆ ಬರೆದರು: "ಪಾಲಿಸಿ ನಂಬರು ಹೇಗೆ ಹುಟ್ಟುತ್ತದೆ?" ಹೋಗಿ ನೋಡಿದರೆ, ಪಾಲಿಸಿ ನಂಬರಿನ ಮೊದಲ ಎರಡು ಅಂಕಿಗಳೇ ಇಸವಿ! ಎಲ್ಲಿಯೂ ಇಸವಿ ಎಂಬ ಹೆಸರಿರಲಿಲ್ಲ. ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ, ಕೇಳಬೇಕಾದ ಪ್ರಶ್ನೆ ಗೊತ್ತಿರಬೇಕಿತ್ತು. ಆ ಕೆಂಪು ಪೆನ್ನಿನವರಿಗೆ ಅದು ಗೊತ್ತಿದ್ದದ್ದು ಹೇಗೆ? ಅವರೂ ಹತ್ತು ವರ್ಷ ಕಲ್ಲು ಆರಿಸಿದ್ದರು.

ಮದುವೆ ಮನೆಯ ಅಡಿಗೆ ಭಟ್ಟರ ಕೈಕೆಳಗೆ ಸೇರುವ ಹುಡುಗ ಮೊದಲು ತರಕಾರಿ ಹೆಚ್ಚುತ್ತಾನೆ, ಕಾಯಿ ತುರಿಯುತ್ತಾನೆ. ಯಾರೂ ಅವನಿಗೆ ಸಾರಿನ ಹದ ಇದು ಎಂದು ಕೂರಿಸಿ ಹೇಳುವುದಿಲ್ಲ. ಹೆಚ್ಚುತ್ತ ಹೆಚ್ಚುತ್ತಲೇ ಮೂಗಿಗೆ ಬಂದ ವಾಸನೆಯಿಂದ ಅವನಿಗೆ ಹದ ತಿಳಿಯುತ್ತದೆ. ಈಗ ಹೆಚ್ಚುವುದಕ್ಕೂ ತುರಿಯುವುದಕ್ಕೂ ಯಂತ್ರ ಬಂತು, ಹುಡುಗ ಬೇಡ ಎಂದರೆ ಈ ವರ್ಷದ ಮದುವೆಗೇನೂ ತೊಂದರೆಯಿಲ್ಲ. ಭಟ್ಟರಿಗೆ ವಯಸ್ಸಾದ ಮೇಲೆ ಸೌಟು ಹಿಡಿಯುವವರು ಯಾರು? ಕಂಪನಿಗಳು ಇದನ್ನು ಯೋಚಿಸುತ್ತಿವೆಯೋ ಇಲ್ಲವೋ, ನೀವಂತೂ ಯೋಚಿಸಲೇಬೇಕು. ಕಚೇರಿ ಕೊಡುತ್ತಿದ್ದ ಆ ಸಣ್ಣ ಸಣ್ಣ ಕೆಲಸಗಳನ್ನು ಇನ್ನು ಮುಂದೆ ನೀವೇ ಹುಡುಕಿಕೊಳ್ಳಬೇಕಾಗುತ್ತದೆ. ಅದೂ ಆಟದ ಕೆಲಸವಲ್ಲ, ತಪ್ಪಾದರೆ ಯಾರಾದರೊಬ್ಬರು ಫೋನ್ ಮಾಡಿ ಬೈಯುವಂಥ ಕೆಲಸ. ಕಾಲೇಜಿನ ಪ್ರಾಜೆಕ್ಟು ತಪ್ಪಾದರೆ ಎರಡು ಅಂಕ ಹೋದೀತು. ಆಮಂತ್ರಣ ತಪ್ಪಿದ್ದರಿಂದ ಮೇಷ್ಟ್ರಿಗೆ ನೋವಾಯಿತು, ಅದಕ್ಕೇ ಯೂನಿಕೋಡಿನ ಆ ಪಾಠವನ್ನು ಅವಳು ಇನ್ನು ಮರೆಯುವುದಿಲ್ಲ.

ಮೇಷ್ಟ್ರ ಮನೆಯಿಂದ ಹೊರಟಾಗ ಅವಳು ದಾರಿಯಲ್ಲಿ ಕೇಳಿದಳು: "ಅಂಕಲ್, ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಇದನ್ನು ಹೇಳಬಹುದಾ? ನಾನು ಮಾಡಿದ್ದು ತಪ್ಪಾಯ್ತು ಅಂತ ಹೇಳಿದರೆ ತಗೊಳ್ತಾರಾ?" ಭವಿಷ್ಯ ಹೇಳಲು ನಾನು ಜೋಯಿಸನಲ್ಲ. ಆದರೆ ಎದುರು ಕೂತವನು ನಾನಾಗಿದ್ದರೆ ಹತ್ತು ಸರಿಯಾದ ಪ್ರಾಜೆಕ್ಟುಗಳ ಬದಲು ಈ ಒಂದು ತಪ್ಪಿನ ಕಥೆಯನ್ನೇ ಕೇಳುತ್ತಿದ್ದೆ ಎಂದೆ. ಸಾಧನವನ್ನು ಬಿಟ್ಟುಬಿಡು ಎಂದು ನಾನು ಅವಳಿಗೆ ಹೇಳಲಿಲ್ಲ, ನಿಮಗೂ ಹೇಳುವುದಿಲ್ಲ. ಆದರೆ ಅದು ಬರೆದ ಇನ್ನೂರು ಸಾಲುಗಳನ್ನು ಅವಳ ಕೈಯಲ್ಲಿ ಒಂದೊಂದಾಗಿ ಓದಿಸಿದೆ, ಇದು ಯಾಕೆ, ಇದು ಇಲ್ಲದಿದ್ದರೆ ಏನು ಎಂದು ಕೇಳುತ್ತ. ಮೂರು ಭಾನುವಾರ ಹಿಡಿಯಿತು. ಕೆಂಪು ಪೆನ್ನು ನಾನೇ ಕೊಂಡೊಯ್ದಿದ್ದೆ.

ಈ ನಡುವೆ ಅವಳು ಪಟ್ಟಿಯ ಬೆನ್ನು ಹತ್ತಿದ್ದಾಳೆ. ಗಾಜಿಯಾಬಾದನ್ನು ನಾವು ಮೂರು ಬಗೆಯಲ್ಲಿ ಬರೆದಿದ್ದೇವೆಂದು ಪತ್ತೆಹಚ್ಚಿದ್ದಾಳೆ. ಗುರುಗ್ರಾಮ ಕೆಲವೆಡೆ ಇನ್ನೂ ಗುಡಗಾಂವ್ ಆಗಿಯೇ ಕೂತಿದೆ. ಇದನ್ನು ಸಂಕೇತ ಸರಿಪಡಿಸಿ ಬಗೆಹರಿಸಲಾಗದು, ಓದಿಯೇ ತಿಳಿಯಬೇಕು; ಹಾಗಾಗಿ ಅವಳ ಕನ್ನಡ ಓದು ಈಗ ಅಕ್ಷರದಿಂದ ಪದಕ್ಕೆ ಬಡ್ತಿ ಪಡೆದಿದೆ. ಹಳೆಯ ಮತ್ತು ಹೊಸ ಪಟ್ಟಿಗಳನ್ನು ಕೂಡಿಸಿದ ಮೇಲೆ ಕೆಲವು ಕುಟುಂಬಗಳು ಎರಡೆರಡು ಸಲ ಸೇರಿಕೊಂಡಿವೆಯೆಂದು ಅವಳಿಗೆ ಅನುಮಾನ. ಆದ್ದರಿಂದ ಈ ಸಂಚಿಕೆಯ ಎರಡು ಪ್ರತಿಗಳು ನಿಮ್ಮ ಮನೆಗೆ ಬಂದರೆ ದಯವಿಟ್ಟು ಸಂಘಕ್ಕೆ ತಿಳಿಸಿ. ಒಂದನ್ನು ಪಕ್ಕದ ಟವರಿನ ಕನ್ನಡಿಗರಿಗೆ ಕೊಟ್ಟುಬಿಡಿ. ಒಂದೂ ಬಾರದೆ ಹೋದವರು ಹೇಗೂ ಇದನ್ನು ಓದುವುದಿಲ್ಲವಾದ್ದರಿಂದ, ನಿಮಗೆ ಗೊತ್ತಿರುವ ಹಳಬರನ್ನೆಲ್ಲ ಒಮ್ಮೆ ನೀವೇ ವಿಚಾರಿಸಿ ನೋಡಿ.